ಕಲಬುರಗಿಯಿಂದ ಹೇಮಕುಂಡಕ್ಕೆ: ನಿಜವಾದ ಬ್ರಹ್ಮಕಮಲ ನೋಡುವುದು ಹೇಗೆ

ನಮ್ಮ ಓಣಿಯಲ್ಲಿ ಮಳೆಗಾಲದ ಒಂದೆರಡು ರಾತ್ರಿ ಫೋನ್ ಬಂದೇ ಬರುತ್ತದೆ. "ಬ್ರಹ್ಮಕಮಲ ಅರಳಲಾಕತ್ತದ, ಲಗೂ ಬರ್ರಿ." ಹೋಗಿ ನೋಡಿದರೆ ಕುಂಡದ ಮುಂದೆ ಊದುಬತ್ತಿ, ಅರಿಶಿನ ಕುಂಕುಮ, ಸುತ್ತ ಮಕ್ಕಳು. ಬಿಳಿ ಹೂವು ನಮ್ಮ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ಜೋತು ಬೀಳುತ್ತದೆ. ನನಗೂ ಆ ರಾತ್ರಿಗಳು ಇಷ್ಟ. ಆದರೆ ಆ ಹೂವಿನ ಹೆಸರು ಬೇರೆ ಹೂವಿನಿಂದ ಬಂದದ್ದು. ಹೆಸರಿನ ನಿಜವಾದ ಒಡೆಯ ಹಿಮಾಲಯದಲ್ಲಿ, ಉತ್ತರಾಖಂಡದ ಹೇಮಕುಂಡ ಎಂಬ ಕೆರೆಯ ದಾರಿಯಲ್ಲಿ ಬೆಳೆಯುವ ಹೂವು. ಅದನ್ನು ನೋಡಲು ನಾನು ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಏಕೆ ಸಿಗಲಿಲ್ಲ ಅನ್ನುವುದನ್ನೂ ಹೇಳುತ್ತೇನೆ, ನೀವು ಒಂದೇ ಸಲಕ್ಕೆ ನೋಡಿ ಬರಲಿ ಎಂದು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ಮನೆಯ ಕುಂಡದಲ್ಲಿ ಅರಳುವುದು ಎಪಿಫಿಲ್ಲಮ್ ಆಕ್ಸಿಪೆಟಾಲಮ್. ಅದು ಕಳ್ಳಿ ಜಾತಿಯ ಗಿಡ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡು. ಎಲೆಯಂತೆ ಕಾಣುವುದು ಅದರ ಚಪ್ಪಟೆ ಕಾಂಡ.

ಹಿಮಾಲಯದ ಬ್ರಹ್ಮಕಮಲದ ಹೆಸರು ಸಾಸ್ಯೂರಿಯಾ ಒಬ್ವಲ್ಲಾಟಾ. ಅದು ಕಮಲವೂ ಅಲ್ಲ, ಕಳ್ಳಿಯೂ ಅಲ್ಲ. ಸೇವಂತಿಗೆ, ಚೆಂಡು ಹೂ, ಸೂರ್ಯಕಾಂತಿ, ಗುರೆಳ್ಳು ಸೇರಿರುವ ಡೇಸಿ ಕುಟುಂಬದ್ದು. ಆ ದೊಡ್ಡ ಕುಟುಂಬದೊಳಗೆ ಮುಳ್ಳು ಗಿಡಗಳದ್ದೇ ಒಂದು ಕವಲಿದೆ. ಬ್ರಹ್ಮಕಮಲ ಆ ಕವಲಿಗೆ ಸೇರಿದ್ದು. ನಮ್ಮ ಕುಸುಬಿಯೂ ಅದೇ ಕವಲಿನದು!

ಇದನ್ನು ಮೊದಲು ಓದಿದಾಗ ನಾನು ಸುಮ್ನೆ ಕೂತುಬಿಟ್ಟೆ. ಚಿಕ್ಕಂದಿನಲ್ಲಿ ಜೋಳದ ಹೊಲದ ಅಂಚಿಗೆ ದನ ಬರದಿರಲಿ ಎಂದು ಹಾಕುತ್ತಿದ್ದ ಕುಸುಬಿ, ಕಾಲಿಗೆ ಚುಚ್ಚಿ ಅಳಿಸಿದ ಕುಸುಬಿ, ಅವ್ವ ಹಾಲು ತೆಗೆದು ಹುಗ್ಗಿ ಮಾಡುತ್ತಿದ್ದ ಕುಸುಬಿ. ಅದರ ಬಳಗದ ಒಂದು ಗಿಡ 4,000 ಮೀಟರ್ ಎತ್ತರದಲ್ಲಿ ದೇವರ ಹೂವಾಗಿ ನಿಂತಿದೆ. ನಮ್ಮ ಭಾಗದವರಿಗೆ ಈ ಹೂವು ಅರ್ಥವಾಗುವಷ್ಟು ಬೇರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ ಅಂತ ನನಗೆ ಅನ್ನಿಸಿದ್ದು ಅವತ್ತೇ. ಏಕೆಂದರೆ ಅದನ್ನು ಓದಲು ಬೇಕಾದ ಪಾಠ ನಮ್ಮ ಹೊಲದಲ್ಲೇ ಇದೆ.

ಜನವರಿಯಲ್ಲಿ ಹೊಲಕ್ಕೆ ಹೋಗಿ, ಒಂದು ಕುಸುಬಿ ಹೂ ಬಿಚ್ಚಿ

ಪ್ರಯಾಣ ಆಗಸ್ಟ್‌ನಲ್ಲಿ. ಆದರೆ ತಯಾರಿ ಜನವರಿಯಲ್ಲೇ ಶುರುವಾಗಲಿ. ಹಿಂಗಾರಿನ ಕುಸುಬಿ ಆಗ ಹೂವಲ್ಲಿರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರದಾದರೂ ಹೊಲವಿದ್ದರೆ ಕೇಳಿ ಒಂದು ಹೂ ತನ್ನಿ. ಒಂದು ಬ್ಲೇಡ್, ಒಂದು ಬಿಳಿ ಹಾಳೆ, ಸಾಧ್ಯವಾದರೆ ಮಕ್ಕಳ ಭೂತಗನ್ನಡಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂಡಿ.

ಹೂವನ್ನು ಬುಡದಿಂದ ತುದಿಯವರೆಗೆ ಸರಿಯಾಗಿ ಎರಡು ಹೋಳು ಮಾಡಿ. ಹೊರಗೆ ಮುಳ್ಳಿನ ಹಸಿರು ಎಲೆಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಇವು ದಳಗಳಲ್ಲ, ಹೂವಿನ ಕಾವಲಿಗೆ ನಿಂತ ಹೊದಿಕೆ ಎಲೆಗಳು. ಒಳಗೆ ಹಳದಿ ಎಳೆಗಳ ರಾಶಿ. ಒಂದು ಎಳೆಯನ್ನು ಮೆತ್ತಗೆ ಎಳೆದು ಹಾಳೆಯ ಮೇಲೆ ಇಡಿ. ಅದೇ ಒಂದು ಪೂರ್ತಿ ಹೂವು. ಸಣ್ಣ ಕೊಳವೆ, ತುದಿಯಲ್ಲಿ ಐದು ಸೀಳು. ಕೊಳವೆಯ ಬುಡದಲ್ಲಿ ಬಿಳಿ ಚುಕ್ಕೆಯಂಥದ್ದು ಇದೆಯಲ್ಲ, ಮುಂದೆ ಕುಸುಬಿ ಕಾಳಾಗುವುದು ಅದೇ. ನಾವು ಒಂದು ಹೂ ಅನ್ನುವುದು ಹತ್ತಾರು ಹೂಗಳ ಒಂದು ಗುಂಡು.

ಸೂರ್ಯಕಾಂತಿಗೆ ಸುತ್ತ ಹಳದಿ ದಳಗಳಿವೆ. ಕುಸುಬಿಗೆ ಅಂಥವು ಇಲ್ಲ, ಬರೀ ಕೊಳವೆ ಹೂಗಳು. ಬ್ರಹ್ಮಕಮಲಕ್ಕೂ ಅಷ್ಟೇ. ಹೊದಿಕೆ ಎಲೆ, ಅದರೊಳಗೆ ಕೊಳವೆ ಹೂಗಳ ಗುಂಡು. ಈ ಎರಡನ್ನು ಕಣ್ಣಿಗೆ ಕೂಡಿಸಿಕೊಂಡರೆ ಗುಡ್ಡದ ಮೇಲೆ ಏನು ನೋಡಬೇಕು ಅನ್ನುವುದು ನಿಮಗೆ ಗೊತ್ತಿರುತ್ತದೆ. ಇದನ್ನು ಬಿಟ್ಟು ಹೋದವರು ದೂರದಿಂದ "ಬಿಳಿ ಹೂ" ಎಂದು ಫೋಟೋ ತೆಗೆದು ಇಳಿದುಬಿಡುತ್ತಾರೆ. ನಿಜವಾದ ಹೂವು ಒಳಗೆ ನೇರಳೆ ಬಣ್ಣದಲ್ಲಿ ಕೂತಿರುತ್ತದೆ, ಅವರಿಗೆ ಕಂಡೇ ಇರುವುದಿಲ್ಲ.

ಸುಗ್ಗಿಯಾದ ಮೇಲೆ ಒಂದು ಹಿಡಿ ಕುಸುಬಿ ಕಾಳನ್ನೂ ನೋಡಿ. ನುಣ್ಣಗೆ, ಬಿಳಿ. ಸಾವಿರಾರು ವರ್ಷದಿಂದ ಮನುಷ್ಯನ ಕೈ ಅದನ್ನು ಬಿತ್ತಿದೆ. ಬ್ರಹ್ಮಕಮಲಕ್ಕೆ ಬಿತ್ತುವವರಿಲ್ಲ. ಅದರ ಬೀಜದ ತಲೆಗೆ ಗರಿಯಂಥ ಕೂದಲಿದೆ, ಗಾಳಿ ಹೊತ್ತುಕೊಂಡು ಹೋಗುತ್ತದೆ.

ತಿಂಗಳು ತಪ್ಪಬೇಡಿ

ನಾನು ಮೊದಲ ಸಲ ತಪ್ಪಿದ್ದು ಇಲ್ಲೇ. ರಜೆ ಸಿಕ್ಕಿದ್ದು ಜೂನ್ ಮೊದಲ ವಾರ. ಹೇಮಕುಂಡದ ಹತ್ತಿರವೇ ಇರುವ ಹೂಗಳ ಕಣಿವೆ (ವ್ಯಾಲಿ ಆಫ್ ಫ್ಲವರ್ಸ್) ಜೂನ್ 1ಕ್ಕೆ ತೆರೆಯುತ್ತದೆ ಎಂದು ಓದಿದ್ದೆ. ತೆರೆದ ಮೇಲೆ ಹೂವೂ ಇರುತ್ತದೆ ಅಂದುಕೊಂಡೆ. ಹೇಮಕುಂಡಕ್ಕೆ ಹತ್ತಿದರೆ ದಾರಿಯ ಎರಡೂ ಬದಿ ಹಿಮದ ಗೋಡೆ, ಕೆರೆಯ ಮೇಲೂ ಹಿಮ. ಬ್ರಹ್ಮಕಮಲ ಇನ್ನೂ ಮಣ್ಣಿನೊಳಗೆ ಬೇರಾಗಿ ಮಲಗಿತ್ತು. ಬಹಳ ಬೇಜಾರಾಯಿತು.

ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಅದು ಅರಳುತ್ತದೆ. ನನ್ನ ಸಲಹೆ ಕೇಳಿದರೆ ಆಗಸ್ಟ್ 15ರಿಂದ ಸೆಪ್ಟೆಂಬರ್ 5ರೊಳಗೆ ಗುಡ್ಡದ ಮೇಲಿರಿ. ಈ ದಿನಗಳಲ್ಲಿ ಮಳೆ ಜಾಸ್ತಿ, ಬದರಿನಾಥದ ದಾರಿಯಲ್ಲಿ ಗುಡ್ಡ ಕುಸಿಯುವುದೂ ಉಂಟು. ಹಾಗಾಗಿ ಎರಡು ದಿನ ಖಾಲಿ ಇಟ್ಟುಕೊಂಡೇ ವಾಪಸ್ ಟಿಕೆಟ್ ಮಾಡಿಸಿ. ಒಟ್ಟು 12 ದಿನ ಬೇಕು. ಹತ್ತು ದಿನದಲ್ಲಿ ಮುಗಿಸುತ್ತೇನೆ ಎಂದು ಹೊರಡಬೇಡಿ.

ಬಯಲು ಸೀಮೆಯ ಕಾಲಿಗೆ ಗುಡ್ಡದ ರೂಢಿ

ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಹೇಮಕುಂಡ 4,000 ಮೀಟರ್ ದಾಟುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಶೇಕಡಾ 60ರಷ್ಟೇ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ. ನೀವೇ ಲೆಕ್ಕ ಹಾಕಿ.

ಮೂರು ತಿಂಗಳು ಮುಂಚೆ ನಡಿಗೆ ಶುರು ಮಾಡಿ. ಬೆಳಿಗ್ಗೆ ಅಪ್ಪನ ಕೆರೆ ಸುತ್ತುವುದು ಒಳ್ಳೆಯದೇ, ಆದರೆ ಸಪಾಟು ನೆಲದ ನಡಿಗೆ ಸಾಲುವುದಿಲ್ಲ. ಹತ್ತಿ ಇಳಿಯಬೇಕು. ಯಾದಗಿರಿ ಕೋಟೆಯ ಮೆಟ್ಟಿಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಕಡೆಯೂ ಹೋಗಬಹುದು. ವಾರಕ್ಕೊಮ್ಮೆ ಐದು ಕಿಲೋ ತೂಕದ ಚೀಲ ಹೊತ್ತು ಹತ್ತಿ. ಇಳಿಯುವಾಗ ಮೊಣಕಾಲು ಏನು ಹೇಳುತ್ತದೆ ಕೇಳಿಸಿಕೊಳ್ಳಿ. ಬಿಪಿ, ಹೃದಯ, ಉಬ್ಬಸದ ತೊಂದರೆ ಇದ್ದವರು ಮೊದಲು ಡಾಕ್ಟರ್ ಹತ್ತಿರ ಹೋಗಿ. ಎತ್ತರಕ್ಕೆ ಕೊಡುವ ಮಾತ್ರೆಯನ್ನು ಅವರು ಹೇಳಿದರೆ ಮಾತ್ರ ತೆಗೆದುಕೊಳ್ಳಿ.

ಚೀಟಿ, ರೈಲು, ದಾರಿ

ಹೇಮಕುಂಡದ ಕೆರೆ ದಂಡೆಯಲ್ಲಿ ಸಿಖ್ಖರ ಗುರುದ್ವಾರವಿದೆ, ಅದೇ ಹೇಮಕುಂಡ ಸಾಹಿಬ್. ಅಲ್ಲಿಗೆ ಹೋಗುವವರು ಉತ್ತರಾಖಂಡ ಪ್ರವಾಸೋದ್ಯಮ ಇಲಾಖೆಯ ಯಾತ್ರಾ ನೋಂದಣಿ ಮಾಡಿಸಬೇಕು. ಚಾರ್‌ಧಾಮ್ ನೋಂದಣಿ ಮಾಡುವ ಜಾಗದಲ್ಲೇ ಇದೂ ಇರುತ್ತದೆ. ಆಧಾರ್ ಪ್ರತಿ ಎರಡು ಇಟ್ಟುಕೊಳ್ಳಿ. ಹೂಗಳ ಕಣಿವೆಗೆ ಅರಣ್ಯ ಇಲಾಖೆಯ ಪ್ರವೇಶ ಚೀಟಿ ಬೇರೆ.

ಯಾದಗಿರಿ, ಕಲಬುರಗಿಯವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ನೇರವಾಗಿ ದೆಹಲಿಗೆ ಮುಟ್ಟಿಸುತ್ತದೆ. ಅಲ್ಲಿಂದ ಹರಿದ್ವಾರ ಅಥವಾ ಋಷಿಕೇಶ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್, ಆದರೆ ನಮ್ಮ ಹೆದ್ದಾರಿಯ ಲೆಕ್ಕ ಹಾಕಬೇಡಿ. ಇಡೀ ಹಗಲು ಹೋಗುತ್ತದೆ. ನಸುಕಿನಲ್ಲೇ ಹೊರಡಿ, ರಾತ್ರಿ ಈ ದಾರಿಯಲ್ಲಿ ಗಾಡಿ ಬಿಡುವುದಿಲ್ಲ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ದಾರಿಯಲ್ಲೇ ಸಿಗುತ್ತವೆ. ಕಿಟಕಿ ಪಕ್ಕ ಕೂಡಿ.

ಜೋಶಿಮಠದಲ್ಲಿ ಒಂದು ರಾತ್ರಿ ನಿಲ್ಲಿ. ಮುಂದೆ ಗೋವಿಂದಘಾಟ್, ಅಲ್ಲಿಂದ ಜೀಪಿನಲ್ಲಿ ಪುಲನಾ. ಪುಲನಾದಿಂದ ಘಾಂಘರಿಯಾಕ್ಕೆ ಸುಮಾರು 10 ಕಿಲೋಮೀಟರ್ ನಡಿಗೆ. ಕಣಿವೆಗೂ ಹೇಮಕುಂಡಕ್ಕೂ ಹೋಗುವವರು ಉಳಿದುಕೊಳ್ಳುವ ಊರು ಇದೇ. ಲಕ್ಷ್ಮಣಗಂಗಾ ನದಿ ಪಕ್ಕದಲ್ಲೇ ಸದ್ದು ಮಾಡುತ್ತಾ ಇಳಿಯುತ್ತಿರುತ್ತದೆ. ಆಗದವರಿಗೆ ಕುದುರೆ ಇದೆ.

ಚೀಲದಲ್ಲಿ ಏನಿರಬೇಕು

ಒಳ್ಳೆ ರೇನ್‌ಕೋಟ್, ಹಿಡಿತವಿರುವ ಬೂಟು, ಮೂರು ಜೊತೆ ಸಾಕ್ಸ್, ಉಣ್ಣೆ ಟೋಪಿ, ಕೈಗವಸು, ಕೋಲು, ಟಾರ್ಚ್, ಓಆರ್‌ಎಸ್ ಪುಡಿ. ಬೂಟು ಹೊಸದಾಗಿದ್ದರೆ ಇಲ್ಲೇ ಒಂದು ತಿಂಗಳು ಹಾಕಿ ಪಳಗಿಸಿ. ಛತ್ರಿ ಗಾಳಿಗೆ ನಿಲ್ಲುವುದಿಲ್ಲ.

ತಿನ್ನಲಿಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಕೆಡುವುದಿಲ್ಲ, ತೂಕವಿಲ್ಲ. ಘಾಂಘರಿಯಾದ ಚಳಿಯಲ್ಲಿ ಬಿಸಿ ದಾಲ್ ಜೊತೆ ರೊಟ್ಟಿ ಮುರಿದು ತಿಂದ ರುಚಿ ನನಗೆ ಇನ್ನೂ ಬಾಯಲ್ಲಿದೆ. ಮಳೆಗೆ ರೊಟ್ಟಿ ಮೆತ್ತಗಾಗುತ್ತದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ.

ಮೊದಲು ಕಣಿವೆ, ಆಮೇಲೆ ಹೇಮಕುಂಡ

ಘಾಂಘರಿಯಾ ಸುಮಾರು 3,050 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕನಿಷ್ಠ ಮೂರು ರಾತ್ರಿ ಇರಿ. ಬಂದ ಮರುದಿನವೇ ಹೇಮಕುಂಡ ಹತ್ತಬೇಡಿ. ಮೊದಲು ಹೂಗಳ ಕಣಿವೆ ನೋಡಿ. ಅಲ್ಲಿ ಏರು ಕಡಿಮೆ, ದೇಹಕ್ಕೆ ತೆಳು ಗಾಳಿಯ ರೂಢಿಯಾಗುತ್ತದೆ.

1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈಥ್ ಮತ್ತು ಸಂಗಡಿಗರು ಈ ಕಣಿವೆಗೆ ಬಂದು, ಹೊರಗಿನವರಿಗೆ ಇದರ ಹೆಸರು ಮುಟ್ಟಿತು. 1939ರಲ್ಲಿ ಇಲ್ಲಿ ಗಿಡ ಸಂಗ್ರಹಿಸುತ್ತಾ ಜಾರಿ ಬಿದ್ದು ತೀರಿಕೊಂಡ ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿ ಕಣಿವೆಯೊಳಗೇ ಇದೆ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ರಾತ್ರಿ ಉಳಿಯುವಂತಿಲ್ಲ.

ಕಣಿವೆಯಲ್ಲಿ ಒಂದು ಅಭ್ಯಾಸ ಮಾಡಿ. ಎಲ್ಲಾ ಹೂಗಳ ಹಿಂದೆ ಓಡಬೇಡಿ, ಡೇಸಿ ಕುಟುಂಬದವನ್ನಷ್ಟೇ ಹುಡುಕಿ. ನಡುವೆ ಹಳದಿ, ಸುತ್ತ ನೇರಳೆ ಎಳೆಗಳಿರುವ ಆಸ್ಟರ್ ಬಳಗ ಸಿಗುತ್ತದೆ. ಬಿಳಿ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುವ ಅನಾಫಾಲಿಸ್ ಸಿಗುತ್ತದೆ. ಬಗ್ಗಿ ನೋಡಿ, ಕಟ್ಟೆಯ ಮೇಲೆ ಬಿಚ್ಚಿದ ಕುಸುಬಿ ನೆನಪಿಗೆ ಬರುತ್ತದೆ. ಮರುದಿನಕ್ಕೆ ಕಣ್ಣು ಸಾಣೆ ಹಿಡಿದಂತಾಗಿರುತ್ತದೆ.

ಬ್ರಹ್ಮಕಮಲವನ್ನು ಮಾತ್ರ ಕಣಿವೆಯ ನೆಲದಲ್ಲಿ ಹುಡುಕುತ್ತಾ ಹೊತ್ತು ಕಳೆಯಬೇಡಿ. ಅದಕ್ಕೆ ಇನ್ನೂ ಎತ್ತರ ಬೇಕು.

ಹೇಮಕುಂಡದ ಏರು, ಅಲ್ಲಿ ಹೂವು

ಬೆಳಿಗ್ಗೆ 5 ಗಂಟೆಗೆ ಹೊರಡಿ. ಆರು ಕಿಲೋಮೀಟರ್ ದಾರಿ, ಅಷ್ಟರಲ್ಲೇ ಸಾವಿರ ಮೀಟರ್‌ಗೂ ಜಾಸ್ತಿ ಏರು. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಇರಲಿ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರು. ತಲೆನೋವು, ವಾಕರಿಕೆ ಶುರುವಾದರೆ ಕೂತು ನೋಡಿ. ಹೆಚ್ಚಾಗುತ್ತಿದ್ದರೆ ಇಳಿದುಬಿಡಿ. ಇಳಿಯುವುದೇ ಅದಕ್ಕೆ ಮದ್ದು. ಹೂವು ಮುಂದಿನ ವರ್ಷವೂ ಅರಳುತ್ತದೆ.

ಹತ್ತುತ್ತಾ ಸುತ್ತ ಬದಲಾಗುವುದನ್ನು ಗಮನಿಸಿ. ಮೊದಲು ಎತ್ತರದ ಮರಗಳು. ಆಮೇಲೆ ಕಾಗದದಂಥ ತೊಗಟೆ ಸುಲಿಯುವ ಭೂರ್ಜ ಮರ, ಅದನ್ನು ಅಲ್ಲಿ ಭೋಜ್‌ಪತ್ರ ಅನ್ನುತ್ತಾರೆ. ಆಮೇಲೆ ಮರವೇ ಇಲ್ಲ. ಹುಲ್ಲು, ಮೊಣಕಾಲೆತ್ತರದ ಗಿಡ, ಕಲ್ಲು, ಮೋಡ. ಇಲ್ಲಿಂದ ನಿಧಾನವಾಗಿ.

ಬ್ರಹ್ಮಕಮಲದ ಜಾಗ ಅಂದರೆ ಕಡಿದಾದ ಇಳಿಜಾರು, ಬಂಡೆಗಳ ಸಂದು, ಕಾಲ ಕೆಳಗೆ ಒಸರುವ ನೀರು. ಹಿಮಾಲಯದುದ್ದಕ್ಕೂ ಸುಮಾರು 3,200ರಿಂದ 4,700 ಮೀಟರ್ ನಡುವೆ ಅದು ಬೆಳೆಯುತ್ತದೆ. ಈ ದಾರಿಯಲ್ಲಿ ಜಾಸ್ತಿ ಸಿಗುವುದು ಕೊನೆಯ ಭಾಗದಲ್ಲಿ, ಕಲ್ಲು ಮೆಟ್ಟಿಲುಗಳ ಆಸುಪಾಸು. ನೀಲಿ ಗಸಗಸೆ ಹೂ ಕಂಡಿತೆಂದರೆ ಕಣ್ಣು ಚುರುಕು ಮಾಡಿ, ಅದಕ್ಕೂ ಇಂಥದೇ ಬಂಡೆ ಜಾಗ ಬೇಕು.

ನನಗೆ ಸಿಕ್ಕಿದ್ದು ಮೆಟ್ಟಿಲಿನ ಎಡಕ್ಕೆ, ಒಂದು ಕರಿ ಬಂಡೆಯ ಬುಡದಲ್ಲಿ. ಮಂಜು ಸರಿಯಿತು, ಐದು ಗಿಡ ಒಟ್ಟಿಗೆ ಕಂಡವು. ದಪ್ಪ ಕಾಂಡ, ಅಂಚು ಹಲ್ಲಿನಂತಿರುವ ಉದ್ದ ಎಲೆ, ಮೇಲೆ ಮುಷ್ಟಿಗಿಂತ ದೊಡ್ಡದಾದ ತಿಳಿ ಹಳದಿ ಹಸಿರಿನ ಗುಮ್ಮಟ. ಆ ಗುಮ್ಮಟವೇ ಹೊದಿಕೆ ಎಲೆ. ಕುಸುಬಿಯಲ್ಲಿ ಮುಳ್ಳಾಗಿದ್ದದ್ದು ಇಲ್ಲಿ ಎಣ್ಣೆ ಹಚ್ಚಿದ ತೆಳು ಕಾಗದದಂತಾಗಿದೆ. ಬೆನ್ನ ಹಿಂದಿನಿಂದ ಬೆಳಕು ಬಿದ್ದಾಗ ಒಳಗಿನ ನೆರಳು ಕಾಣುತ್ತಿತ್ತು. ಮೊಣಕಾಲೂರಿ ಮೇಲಿನ ಸಂದಿನಿಂದ ಇಣುಕಿದೆ. ನೇರಳೆ ಗುಂಡುಗಳು ಒತ್ತೊತ್ತಾಗಿ ಕೂತಿದ್ದವು, ಒಂದೊಂದು ಗುಂಡಿನಲ್ಲೂ ಕೊಳವೆ ಹೂಗಳು. ಹೊರಗೆ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒಳಗೆ ಒಣಗಿತ್ತು. ಮೂಗಿಗೆ ತೀಕ್ಷ್ಣ ವಾಸನೆ ಬಡಿಯಿತು.

ಒಬ್ವಲ್ಲಾಟಾ ಎಂದರೆ ಲ್ಯಾಟಿನ್‌ನಲ್ಲಿ ಸುತ್ತ ಗೋಡೆ ಕಟ್ಟಿಕೊಂಡದ್ದು ಅಂತ. ಬೀದರ್, ಕಲಬುರಗಿಯ ಕೋಟೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಆ ಗೋಡೆ ಬೆಳಕನ್ನು ಒಳಗೆ ಬಿಡುತ್ತದೆ, ಮಳೆ ಗಾಳಿಯನ್ನು ತಡೆಯುತ್ತದೆ, ಎತ್ತರದಲ್ಲಿ ಜಾಸ್ತಿ ಇರುವ ನೇರಳಾತೀತ ಕಿರಣವನ್ನು ಹೀರಿಕೊಳ್ಳುತ್ತದೆ. ಬಿಸಿಲು ಬಿದ್ದಾಗ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ. ನಮ್ಮ ಕಡೆ ಹೂವಿನ ಬೆಳೆಗೆ ಹಾಕುವ ಪಾಲಿಹೌಸ್ ಇದೆಯಲ್ಲ, ಅದನ್ನೇ ಈ ಗಿಡ ತನ್ನ ಎಲೆಯಲ್ಲಿ ಕಟ್ಟಿಕೊಂಡಿದೆ. ಹಿಮ ಕರಗಿದ ಮೇಲೆ ಮತ್ತೆ ಹಿಮ ಬೀಳುವವರೆಗೆ ಇರುವುದು ನಾಲ್ಕೇ ತಿಂಗಳು. ಅಷ್ಟರಲ್ಲಿ ಎಲೆ, ಹೂ, ಬೀಜ ಎಲ್ಲಾ ಮುಗಿಯಬೇಕು. ಇದನ್ನು ತಂದು ನಮ್ಮ ಅಂಗಳದಲ್ಲಿ ನೆಟ್ಟರೆ ಕಲಬುರಗಿಯ ಒಂದು ಬೇಸಿಗೆಯನ್ನೂ ಕಾಣಲಾರದು.

ಮೇಲೆ ಗುರುದ್ವಾರವಿದೆ, ಕೆರೆಯಿದೆ, ಪಕ್ಕದಲ್ಲಿ ಲಕ್ಷ್ಮಣನ ಗುಡಿಯಿದೆ. ಲಂಗರ್‌ನಲ್ಲಿ ಬಿಸಿ ಖಿಚಡಿ, ಚಹಾ ಕೊಡುತ್ತಾರೆ. ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಮಧ್ಯಾಹ್ನವೇ ಇಳಿಯಲು ಶುರು ಮಾಡಿ.

ಕೀಳಬೇಡಿ, ಕೊಳ್ಳಲೂ ಬೇಡಿ

ಹೊರಡುವಾಗ ಅವ್ವ ಹೇಳಿದ್ದಳು, "ಯಪ್ಪಾ, ಬರೋ ಮುಂದ ದೇವ್ರಿಗಿ ಒಂದ್ ಹೂ ತಾ." ಅವಳ ಮಾತು ತಳ್ಳಿ ಹಾಕುವಂಥದ್ದಲ್ಲ. ಬದರಿ, ಕೇದಾರದಲ್ಲಿ ಈ ಹೂ ಏರಿಸುತ್ತಾರೆ. ನಂದಾಷ್ಟಮಿಯ ಹೊತ್ತಿಗೆ ಗುಡ್ಡದ ಹಳ್ಳಿಗಳವರು ನಂದಾದೇವಿಗೆ ಕೊಡುತ್ತಾರೆ. ಅದು ಉತ್ತರಾಖಂಡದ ರಾಜ್ಯ ಹೂವು. ಅಲ್ಲಿಯವರ ಆಚರಣೆ ಅವರದು, ಆ ಬೆಟ್ಟ ಅವರ ಮನೆ.

ನಾವು ದೂರದಿಂದ ಹೋದವರು. ನಮ್ಮಂಥವರು ಒಬ್ಬೊಬ್ಬರು ಒಂದೊಂದು ಕಿತ್ತರೆ ದಾರಿಯ ಬದಿ ಏನೂ ಉಳಿಯುವುದಿಲ್ಲ. ಹೂ ಕಿತ್ತರೆ ಆ ವರ್ಷದ ಬೀಜವೆಲ್ಲ ಹೋಯಿತು. ದಾರಿಯಲ್ಲಿ ಯಾರಾದರೂ ಕಿತ್ತ ಹೂ ಮಾರಲು ಬಂದರೆ ಕೊಳ್ಳಬೇಡಿ. ಕೊಂಡರೆ ನಾಳೆ ಇನ್ನೊಂದು ಕೀಳುತ್ತಾರೆ. ಇದೇ ಸಾಸ್ಯೂರಿಯಾ ಕುಲದ ಕೂಠ್ ಎಂಬ ಗಿಡ ಔಷಧಿ ಬೇರಿಗಾಗಿ ಕಿತ್ತು ಕಿತ್ತು ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದಿದೆ. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಬಿಗಿ ನಿಯಮ ಹಾಕಿದ್ದಾರೆ.

ನಾನು ಅವ್ವನಿಗೆ ಫೋಟೋ ತಂದೆ. ಒಳಗಿನ ಗುಂಡುಗಳನ್ನು ದೊಡ್ಡದು ಮಾಡಿ ತೋರಿಸಿದೆ. ಬಹಳ ಹೊತ್ತು ನೋಡಿ, "ಇದು ಕುಸುಬಿ ಇದ್ದಂಗೇ ಅದಲ್ಲೋ" ಅಂದಳು. ನಾನು ಇನ್ನೂ ಏನೂ ಹೇಳಿರಲಿಲ್ಲ.

ಫೋಟೋ, ಟಿಪ್ಪಣಿ

ದಾರಿ ಬಿಟ್ಟು ಇಳಿಜಾರಿಗೆ ಕಾಲಿಡಬೇಡಿ. ಮಣ್ಣು ಸಡಿಲ, ಸಣ್ಣ ಗಿಡಗಳು ಬೂಟಿಗೆ ಸಿಕ್ಕರೆ ಮೇಲೇಳಲು ವರ್ಷಗಳು ಬೇಕು. ಜೂಮ್ ಮಾಡಿ ತೆಗೆಯಿರಿ. ಹೊದಿಕೆ ಎಲೆಗಳನ್ನು ಬೆರಳಿನಿಂದ ಬಿಡಿಸಬೇಡಿ, ಮೇಲಿನ ಸಂದಿನಿಂದಲೇ ಒಳಗಿನದು ಸಿಗುತ್ತದೆ. ಕನಿಷ್ಠ ನಾಲ್ಕು ಫೋಟೋ ಬೇಕು: ಇಡೀ ಗಿಡ ಬಂಡೆಯೊಂದಿಗೆ, ಎಲೆಯ ಅಂಚು, ಬೆಳಕು ಹಿಂದಿನಿಂದ ಬಿದ್ದ ಗುಮ್ಮಟ, ಒಳಗಿನ ನೇರಳೆ ಗುಂಡು.

ಪುಸ್ತಕದಲ್ಲಿ ದಿನಾಂಕ, ಸಮಯ, ಎತ್ತರ, ಇಳಿಜಾರು ಯಾವ ದಿಕ್ಕಿಗಿದೆ, ನೀರು ಒಸರುತ್ತಿತ್ತಾ, ಜೊತೆಗೆ ಯಾವ ಗಿಡಗಳಿದ್ದವು, ಎಷ್ಟು ಗಿಡ ಅರಳಿದ್ದವು, ಎಷ್ಟರ ಹೂ ಕಿತ್ತು ಹೋಗಿತ್ತು ಎಂದು ಬರೆಯಿರಿ. ಪೆನ್ ಬೇಡ, ಮಳೆಗೆ ಅಳಿಸುತ್ತದೆ. ಪೆನ್ಸಿಲ್ ಒಯ್ಯಿರಿ. ಫೋಟೋ ಹಂಚಿಕೊಳ್ಳುವಾಗ ಫೋನಿನ ಲೊಕೇಶನ್ ತೆಗೆದುಹಾಕಿ, "ಹೇಮಕುಂಡದ ದಾರಿ" ಎಂದಷ್ಟೇ ಹಾಕಿ.

ವಾಪಸ್ ಬರುವ ಹೊತ್ತಿಗೆ ಇಲ್ಲಿ ಹಿಂಗಾರಿಗೆ ಹೊಲ ಹದ ಮಾಡುತ್ತಿರುತ್ತಾರೆ. ಬಿತ್ತುವವರಿಗೆ ಈಗಲೇ ಹೇಳಿಡಿ, ಜೋಳದ ಅಂಚಿಗೆ ನಾಲ್ಕು ಸಾಲು ಕುಸುಬಿ ಹಾಕಲಿ. ಜನವರಿಯಲ್ಲಿ ಒಂದು ಹೂ ಬಿಚ್ಚಿ, ಆ ನಾಲ್ಕು ಫೋಟೋ ಪಕ್ಕಕ್ಕಿಟ್ಟುಕೊಂಡು ನೋಡಿ.